ಆಫೀಸ್ ಇರುವ ದಿನವೇ ಟ್ರ್ಯಾಕ್ ಇಂಟರ್ವಲ್: ಹೊತ್ತು ಹೊಂದಿಸುವುದು ಹೇಗೆ, ಓಡಿ ಮುಗಿಸುವುದು ಹೇಗೆ

"ವಾರಕ್ಕೊಂದು ದಿನ ಟ್ರ್ಯಾಕ್‌ಗೆ ಹೋಗಿ ಜೋರಾಗಿ ಓಡ್ಬೇಕು ಅಂತ ಇದೆ. ಆದ್ರೆ ಒಂಬತ್ತೂವರೆಗೆ ಆಫೀಸ್‌ನಲ್ಲಿರ್ಬೇಕು, ಸಂಜೆ ಎಷ್ಟು ಹೊತ್ತಿಗೆ ಬಿಡ್ತಾರೋ ಗೊತ್ತಿಲ್ಲ. ಹೇಗ್ ಮಾಡ್ಲಿ?"

ಓಡುವವರು ನನ್ನನ್ನು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಒಬ್ಬೊಬ್ಬರಿಗೇ ಉತ್ತರ ಬರೆದು ಸಾಕಾಗಿದೆ, ಅದಕ್ಕೇ ಒಂದೇ ಕಡೆ ಪೂರ್ತಿ ಬರೆದಿಡುತ್ತಿದ್ದೇನೆ. ಹೆಚ್ಚಿನವರು ಎಷ್ಟು ಸಲ ಓಡಬೇಕು, ಎಷ್ಟು ಸೆಕೆಂಡಿನಲ್ಲಿ ಓಡಬೇಕು ಅಂತ ಶುರು ಮಾಡುತ್ತಾರೆ. ಅದು ಸುಲಭದ ಭಾಗ. ವರ್ಕೌಟ್ ಕೆಡುವುದು ಹಿಂದಿನ ರಾತ್ರಿ ಹನ್ನೊಂದೂವರೆಗೆ ಫೋನ್ ನೋಡುತ್ತಾ ಕೂತಾಗ, ಇಲ್ಲವೇ ಸಂಜೆ ಐದೂಮುಕ್ಕಾಲಿಗೆ ಇದ್ದಕ್ಕಿದ್ದಂತೆ ಮೀಟಿಂಗ್ ಬಂದಾಗ. ಹಾಗಾಗಿ ಇಲ್ಲಿ ಓಟದ ಹೊರಗಿನ ಮಾತೇ ಜಾಸ್ತಿ ಇದೆ. ಬೇಜಾರು ಮಾಡಿಕೊಳ್ಳದೆ ಓದಿ.

ಇದು ಯಾರಿಗೆ? ಐದಾರು ತಿಂಗಳಿಂದ ನಿಲ್ಲಿಸದೆ ಓಡುತ್ತಿರುವವರಿಗೆ, ವಾರಕ್ಕೆ 30 ಕಿಲೋಮೀಟರ್‌ಗಿಂತ ಕಡಿಮೆ ಇಲ್ಲದವರಿಗೆ. ಅಷ್ಟು ಇಲ್ಲದಿದ್ದರೆ ಮೊದಲು ನಿಧಾನದ ಓಟವನ್ನೇ ಹೆಚ್ಚಿಸಿ, ಟ್ರ್ಯಾಕ್ ಎಲ್ಲಿಗೂ ಹೋಗುವುದಿಲ್ಲ. ನಲವತ್ತು ದಾಟಿದವರು, ಬಿಪಿ, ಶುಗರ್ ಇರುವವರು, ಮನೆಯಲ್ಲಿ ಯಾರಿಗಾದರೂ ಹೃದಯದ ತೊಂದರೆ ಇದ್ದವರು ಡಾಕ್ಟರ್ ಹತ್ತಿರ ಒಮ್ಮೆ ತೋರಿಸಿಕೊಂಡೇ ಶುರು ಮಾಡಬೇಕು. ಇದನ್ನು ಸುಮ್ನೆ ವಾಡಿಕೆಗೆ ಹೇಳುತ್ತಿಲ್ಲ.

ಮುಂದೆ ಪದೇ ಪದೇ ಬರುವ ಕೆಲವು ಪದಗಳನ್ನು ಮೊದಲೇ ಬಿಡಿಸಿ ಹೇಳುತ್ತೇನೆ. ಇಂಟರ್ವಲ್ ಅಂದರೆ ಜೋರು ಓಟವನ್ನು ತುಂಡು ತುಂಡು ಮಾಡಿ, ನಡುವೆ ಸುಧಾರಿಸಿಕೊಂಡು ಓಡುವುದು. ಒಂದು ಜೋರಿನ ತುಂಡಿಗೆ ರೆಪ್ ಅನ್ನುತ್ತಾರೆ, ನಡುವಿನ ಸುಧಾರಿಕೆಗೆ ರಿಕವರಿ. ಪೇಸ್ ಅಂದರೆ ಒಂದು ಕಿಲೋಮೀಟರ್‌ಗೋ ಒಂದು ಲ್ಯಾಪ್‌ಗೋ ಹಿಡಿಯುವ ಸಮಯ. ಲ್ಯಾಪ್ ಅಂದರೆ ಟ್ರ್ಯಾಕ್‌ನ ಒಂದು ಸುತ್ತು, 400 ಮೀಟರ್.

ಹಂತ 1: ನಿಜವಾಗಿ ಎಷ್ಟು ಹೊತ್ತು ಬೇಕು, ಲೆಕ್ಕ ಹಾಕಿ

ಉದಾಹರಣೆಗೆ ಒಂದೇ ವರ್ಕೌಟ್ ಹಿಡಿದುಕೊಳ್ಳೋಣ. 800 ಮೀಟರ್ ಐದು ಸಲ, ನಡುನಡುವೆ 400 ಮೀಟರ್ ನಿಧಾನದ ಜಾಗ್. 800 ಯಾಕೆ ಅಂದರೆ, ಜೋರಾಗಿ ಓಡಲು ಶುರು ಮಾಡಿದ ಮೇಲೆ ಹೃದಯವೂ ಉಸಿರೂ ತಮ್ಮ ಮೇಲ್ಮಟ್ಟಕ್ಕೆ ಏರಲು ಸುಮಾರು ಎರಡು ನಿಮಿಷ ತೆಗೆದುಕೊಳ್ಳುತ್ತವೆ. ರೆಪ್ ಮೂರರಿಂದ ಐದು ನಿಮಿಷ ಇದ್ದರೆ ಆ ಮಟ್ಟದಲ್ಲಿ ಒಂದಷ್ಟು ಹೊತ್ತು ಇರಬಹುದು. ನಮ್ಮಂಥ ಸಾಮಾನ್ಯ ಓಟಗಾರರಿಗೆ 800 ಮೀಟರ್ ಸರಿಯಾಗಿ ಅಷ್ಟೇ ಹೊತ್ತು ಹಿಡಿಯುತ್ತದೆ.

ಎಷ್ಟು ಜೋರು? ಈಚೆಗೆ ನೀವು 5 ಕಿಲೋಮೀಟರ್ ಓಡಿದ ಸಮಯವನ್ನು ಸೆಕೆಂಡಿಗೆ ಬದಲಿಸಿ 12.5ರಿಂದ ಭಾಗಿಸಿ. ಬಂದದ್ದು ಒಂದು ಲ್ಯಾಪ್‌ನ ಸಮಯ. 25 ನಿಮಿಷಕ್ಕೆ ಓಡುವವರಾದರೆ 1500 ಸೆಕೆಂಡ್, ಭಾಗಿಸಿದರೆ 120, ಅಂದರೆ ಲ್ಯಾಪ್‌ಗೆ 2 ನಿಮಿಷ. 30 ನಿಮಿಷದವರಿಗೆ 144 ಸೆಕೆಂಡ್. ಎರಡು ವರ್ಷದ ಹಿಂದೆ ಓಡಿದ ಒಳ್ಳೆಯ ಸಮಯ ಬೇಡ, ಮುಂದೆ ಓಡಬೇಕು ಅಂದುಕೊಂಡಿರುವ ಸಮಯವೂ ಬೇಡ. ಈಗ ಓಡಬಲ್ಲ ಸಮಯವನ್ನೇ ಹಾಕಿ.

ಈಗ ಹೊತ್ತಿನ ಲೆಕ್ಕ. 25 ನಿಮಿಷದವರನ್ನೇ ತೆಗೆದುಕೊಂಡರೆ ಐದು ರೆಪ್‌ಗೆ 20 ನಿಮಿಷ, ನಡುವಿನ ನಾಲ್ಕು ಜಾಗ್‌ಗೆ ಮೂರು ಮೂರರಂತೆ 12. ಮೊದಲ 2 ಕಿಲೋಮೀಟರ್ ವಾರ್ಮಪ್ ಜಾಗ್‌ಗೆ 14 ನಿಮಿಷ, ಮೈ ಸಡಿಲಿಸುವುದಕ್ಕೆ 10, ಕೊನೆಯ ಕೂಲ್‌ಡೌನ್‌ಗೆ 10. ಅಲ್ಲಿಗೆ 66 ನಿಮಿಷ. ಲೇಸ್ ಕಟ್ಟಿ, ನೀರು ಕುಡಿದು, ಬೆವರು ಒರೆಸಿಕೊಂಡು, ಬಟ್ಟೆ ಬದಲಿಸಲು ಇನ್ನೊಂದು ಹತ್ತು. ಒಂದೂಕಾಲು ಗಂಟೆ ಅಂತ ಇಟ್ಟುಕೊಳ್ಳಿ. ಪ್ರಯಾಣ ಇದರಲ್ಲಿ ಸೇರಿಲ್ಲ.

ಎಚ್ಚರ: "ಐದು ರೆಪ್ ತಾನೆ, ಅರ್ಧ ಗಂಟೆ ಸಾಕು" ಅಂದುಕೊಂಡು ಹೋದವರು ವಾರ್ಮಪ್ ಬಿಟ್ಟು ನೇರ ಜೋರಿಗೆ ಇಳಿಯುತ್ತಾರೆ. ಮೀನಖಂಡ, ತೊಡೆಯ ಹಿಂಭಾಗ ಹಿಡಿದುಕೊಳ್ಳುವುದು ಹೆಚ್ಚಾಗಿ ಹೀಗೇ. ಹೊತ್ತು ಕಡಿಮೆ ಇದ್ದರೆ ರೆಪ್ ಕಡಿಮೆ ಮಾಡಿ, ವಾರ್ಮಪ್ ಮುಟ್ಟಬೇಡಿ. ಈ ಲೇಖನದಿಂದ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಇನ್ನೊಂದು ಮಿತಿಯೂ ಇದೆ. ಜೋರಿನ ಓಟ ವಾರದ ಒಟ್ಟು ದೂರದ ಹತ್ತರಲ್ಲೊಂದು ಪಾಲು ದಾಟುವುದು ಬೇಡ. ವಾರಕ್ಕೆ 40 ಕಿಲೋಮೀಟರ್ ಓಡುವವರಿಗೆ 4 ಕಿಲೋಮೀಟರ್, ಅಂದರೆ ಈ ಐದು ರೆಪ್. 30 ಓಡುವವರು ಮೂರಕ್ಕೆ ನಿಲ್ಲಿಸಿ, ಬಹಳ ಅಂದರೆ ನಾಲ್ಕು.

ಹಂತ 2: ವಾರದಲ್ಲಿ ಯಾವ ದಿನ

ಕ್ಯಾಲೆಂಡರ್ ತೆಗೆದು ಕೂತುಕೊಳ್ಳಿ, ಓಟದ ಕ್ಯಾಲೆಂಡರ್ ಅಲ್ಲ, ಕೆಲಸದ್ದು. ಭಾನುವಾರ ಉದ್ದದ ಓಟ ಮಾಡುವವರಿಗೆ ಮಂಗಳವಾರ ಕಾಲು ಇನ್ನೂ ಭಾರ ಇರಬಹುದು, ಶುಕ್ರವಾರ ಓಡಿದರೆ ಭಾನುವಾರದ ಓಟ ಕೆಡುತ್ತದೆ. ಬುಧವಾರ, ಗುರುವಾರವೇ ಹೆಚ್ಚಿನವರಿಗೆ ಹೊಂದುತ್ತದೆ. ಎರಡು ಜೋರಿನ ದಿನಗಳ ನಡುವೆ 48 ಗಂಟೆ ಇದ್ದರೆ ಒಳ್ಳೆಯದು.

ಆಮೇಲೆ ಕೆಲಸ ನೋಡಿ. ರಾತ್ರಿ ಒಂಬತ್ತೂವರೆಗೆ ಅಮೆರಿಕದವರ ಜೊತೆ ಕಾಲ್ ಇರುವ ದಿನದ ಮಾರನೇ ಬೆಳಿಗ್ಗೆ ಬೇಡವೇ ಬೇಡ. ಅಕೌಂಟ್ಸ್‌ನವರಿಗೆ ತಿಂಗಳ ಕೊನೆ, ಸಾಫ್ಟ್‌ವೇರ್‌ನವರಿಗೆ ರಿಲೀಸ್ ವಾರ, ಮೇಷ್ಟ್ರುಗಳಿಗೆ ಪರೀಕ್ಷೆ ಪೇಪರ್ ತಿದ್ದುವ ವಾರ, ಇವೆಲ್ಲ ನಿಮಗೆ ಮೊದಲೇ ಗೊತ್ತಿರುತ್ತವೆ ಅಲ್ವಾ? ಆ ವಾರಗಳಲ್ಲಿ ಇಂಟರ್ವಲ್ ಇಟ್ಟುಕೊಳ್ಳಬೇಡಿ. ಕೆಲಸದ ಒತ್ತಡವೂ ದೇಹಕ್ಕೆ ಹೊರೆಯೇ. ನಿದ್ದೆಗೆಟ್ಟ ರಿಲೀಸ್ ವಾರದಲ್ಲಿ ಹಟಕ್ಕೆ ಬಿದ್ದು ಟ್ರ್ಯಾಕ್‌ಗೆ ಹೋಗಿ, ನಾಲ್ಕನೇ ರೆಪ್‌ನಲ್ಲಿ ಮೀನಖಂಡ ಹಿಡಿದುಕೊಂಡು, ಮೂರು ವಾರ ನಡೆದುಕೊಂಡೇ ಇದ್ದೆ ನಾನು.

ದಿನ ಗಟ್ಟಿಯಾದ ಮೇಲೆ ಆಫೀಸ್ ಕ್ಯಾಲೆಂಡರ್‌ನಲ್ಲಿ ಆ ಹೊತ್ತನ್ನು ಬ್ಲಾಕ್ ಮಾಡಿ. ಮನೆಯಲ್ಲೂ ಹೇಳಿ. ಮಗುವನ್ನು ಸ್ಕೂಲ್ ಬಸ್ ಹತ್ತಿಸುವವರು ಯಾರು, ಹಾಲು ತರುವವರು ಯಾರು ಅನ್ನುವುದು ಹಿಂದಿನ ದಿನವೇ ತೀರ್ಮಾನ ಆಗಿರಬೇಕು.

ಹಂತ 3: ಬೆಳಿಗ್ಗೆಯೋ, ಸಂಜೆಯೋ

ನನ್ನನ್ನು ಕೇಳಿದರೆ ಬೆಂಗಳೂರಿನಲ್ಲಿ ಬೆಳಿಗ್ಗೆ. ಬೆಳಿಗ್ಗೆ ದೇಹ ಬಿಗಿಯಾಗಿರುತ್ತದೆ, ಸಂಜೆ ಸ್ವಲ್ಪ ಸಲೀಸಾಗಿ ಓಡಬಹುದು, ಅದು ನಿಜ. ಆದರೆ ಬೆಳಿಗ್ಗೆ ಐದೂವರೆಗೆ ಯಾರೂ ಮೀಟಿಂಗ್ ಇಡುವುದಿಲ್ಲ, ರಸ್ತೆ ಖಾಲಿ ಇರುತ್ತದೆ.

ಬೆಳಗಿನ ಲೆಕ್ಕವನ್ನು ಹಿಂದಿನಿಂದ ಮುಂದಕ್ಕೆ ಹಾಕಿ. ವಿಜಯನಗರದಲ್ಲಿ ಮನೆ, ಎಂ.ಜಿ. ರಸ್ತೆಯಲ್ಲಿ ಆಫೀಸ್ ಅಂತ ಇಟ್ಟುಕೊಳ್ಳಿ. ಒಂಬತ್ತೂವರೆಗೆ ಆಫೀಸ್ ಅಂದರೆ 8.50ಕ್ಕೆ ಮನೆ ಬಿಡಬೇಕು. ಸ್ನಾನ, ತಿಂಡಿಗೆ ಒಂದು ಗಂಟೆ, ಅಂದರೆ 7.45ಕ್ಕೆ ಮನೆಯಲ್ಲಿರಬೇಕು. ಹಾಗಾದರೆ ಟ್ರ್ಯಾಕ್‌ನಿಂದ 7ಕ್ಕೆ ಹೊರಡಬೇಕು, ಅಲ್ಲಿ 5.45ಕ್ಕೆ ಓಟ ಶುರುವಾಗಿರಬೇಕು. ಐದೂಕಾಲರ ಸುಮಾರಿಗೆ ಮೆಟ್ರೊ ಹತ್ತಿ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದರೆ, ಅಲ್ಲಿಂದ ಪಾರ್ಕ್ ಒಳಗೆ ಹಾದು ಕಂಠೀರವ ಕ್ರೀಡಾಂಗಣಕ್ಕೆ ಜಾಗ್ ಮಾಡಿಕೊಂಡು ಹೋಗುವುದೇ ನಿಮ್ಮ ವಾರ್ಮಪ್. ವಾರ್ಮಪ್ಪೂ ಪ್ರಯಾಣವೂ ಒಂದೇ ಆದರೆ ಹದಿನೈದು ನಿಮಿಷ ಉಳಿಯುತ್ತದೆ. ಬೆನ್ನಿಗೆ ಬಿಗಿಯಾಗಿ ಕೂರುವ ಸಣ್ಣ ಬ್ಯಾಗ್ ಒಂದಿದ್ದರೆ ಸಾಕು.

ಇದರ ಬೆಲೆ ಏನು ಅಂದರೆ ನಾಲ್ಕೂಮುಕ್ಕಾಲಿಗೆ ಏಳಬೇಕು. ಅಂದರೆ ಹಿಂದಿನ ರಾತ್ರಿ ಒಂಬತ್ತೂಮುಕ್ಕಾಲಿಗೆ ದೀಪ ಆರಬೇಕು. ಐದು ಗಂಟೆ ನಿದ್ದೆ ಮಾಡಿ ಇಂಟರ್ವಲ್ ಓಡಿದರೆ ಸುಸ್ತು ಸಿಗುತ್ತದೆ, ಫಲ ಸಿಗುವುದಿಲ್ಲ. ಜನವರಿಯಲ್ಲಿ ಸೂರ್ಯ ಹುಟ್ಟುವುದು ಆರೂಮುಕ್ಕಾಲಿಗೆ ಅನ್ನುವುದೂ ನೆನಪಿರಲಿ. ದೀಪ ಇರುವ ಜಾಗ ನೋಡಿಕೊಳ್ಳಿ, ಒಬ್ಬರನ್ನಾದರೂ ಜೊತೆಗೆ ಕರೆದುಕೊಳ್ಳಿ. ಹೆಣ್ಣುಮಕ್ಕಳು ಇದನ್ನು ನನಗಿಂತ ಚೆನ್ನಾಗಿ ಬಲ್ಲರು.

ಸಂಜೆಯೇ ಓಡುವವರಿಗೆ ಒಂದು ನಿಯಮ: ಆಫೀಸ್ ಹತ್ತಿರವೇ ಓಡಿ, ಟ್ರಾಫಿಕ್ ಇಳಿದ ಮೇಲೆ ಮನೆಗೆ ಹೋಗಿ. ಮಾರತ್ತಹಳ್ಳಿಯಿಂದ ಸಂಜೆ ಆರಕ್ಕೆ ಹೊರಟು ಊರ ನಡುವಿನ ಟ್ರ್ಯಾಕ್‌ಗೆ ಬರುತ್ತೇನೆ ಅಂದುಕೊಂಡರೆ, ಬರುವಷ್ಟರಲ್ಲಿ ಕಾಲೂ ಮನಸ್ಸೂ ಎರಡೂ ಸೋತಿರುತ್ತವೆ. ಏಪ್ರಿಲ್, ಮೇ ಸಂಜೆಗಳಲ್ಲಿ ಗುಡುಗು ಮಳೆ ಬರುತ್ತದೆ. ಗುಡುಗು ಕೇಳಿಸಿದರೆ ಎಷ್ಟನೇ ರೆಪ್ ಆಗಿದ್ದರೂ ಬಯಲು ಬಿಟ್ಟು ಕಟ್ಟಡದ ಒಳಗೆ ಹೋಗಿ. ಸಂಜೆ ಜೋರಾಗಿ ಓಡಿದವರಿಗೆ ರಾತ್ರಿ ನಿದ್ದೆ ಬೇಗ ಹತ್ತುವುದಿಲ್ಲ, ಏಳೂವರೆ ಒಳಗೆ ಜೋರಿನ ಭಾಗ ಮುಗಿಯುವ ಹಾಗೆ ನೋಡಿಕೊಳ್ಳಿ.

ಮಧ್ಯಾಹ್ನದ ಬಿಡುವಿನಲ್ಲಿ ಆಗುತ್ತಾ ಅಂತಲೂ ಕೇಳುತ್ತಾರೆ. ಆಗುತ್ತದೆ, ಮಾಡಿದವರಿದ್ದಾರೆ. ಮೈಲಿಯನ್ನು ನಾಲ್ಕು ನಿಮಿಷದೊಳಗೆ ಮೊದಲು ಓಡಿದ ರೋಜರ್ ಬ್ಯಾನಿಸ್ಟರ್ ಆಗ ಲಂಡನ್‌ನಲ್ಲಿ ವೈದ್ಯಕೀಯ ವಿದ್ಯಾರ್ಥಿ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಪ್ಯಾಡಿಂಗ್‌ಟನ್‌ನ ಟ್ರ್ಯಾಕ್‌ಗೆ ಹೋಗಿ, ಕಾಲು ಮೈಲಿಯನ್ನು ಹತ್ತು ಸಲ, ನಡುವೆ ಎರಡೆರಡು ನಿಮಿಷ ಬಿಟ್ಟು ಓಡುತ್ತಿದ್ದರು. 1954ರ ಮೇ 6ರಂದು ಬೆಳಿಗ್ಗೆ ಆಸ್ಪತ್ರೆಗೆ ಹೋಗಿ, ಆಮೇಲೆ ರೈಲು ಹತ್ತಿ ಆಕ್ಸ್‌ಫರ್ಡ್‌ಗೆ ಬಂದು, ಸಂಜೆ 3 ನಿಮಿಷ 59.4 ಸೆಕೆಂಡಿನಲ್ಲಿ ಮೈಲಿ ಮುಗಿಸಿದರು. ಕೆಲಸದ ನಡುವೆ ಹೊತ್ತು ಹೊಂದಿಸುವುದಕ್ಕೆ ನನಗೆ ಗೊತ್ತಿರುವ ಅತಿ ದೊಡ್ಡ ಉದಾಹರಣೆ ಇದು, ನೆನೆದಾಗಲೆಲ್ಲ ಹುರುಪು ಬರುತ್ತದೆ. ಆದರೆ ಅದು ಲಂಡನ್. ನಮ್ಮ ಊರಿನ ಮಾರ್ಚ್, ಏಪ್ರಿಲ್ ಮಧ್ಯಾಹ್ನದ ಬಿಸಿಲಿಗೆ ಇದು ಬೇಡ. ಡಿಸೆಂಬರ್, ಜನವರಿಯಲ್ಲಿ, ಆಫೀಸ್‌ನಲ್ಲಿ ಸ್ನಾನದ ಮನೆ ಇದ್ದರೆ, ಪ್ರಯತ್ನಿಸಬಹುದು.

ಹಂತ 4: ಜಾಗ ಗಟ್ಟಿ ಮಾಡಿಕೊಳ್ಳಿ

ಓಡುವ ದಿನಕ್ಕಿಂತ ಒಂದು ವಾರ ಮೊದಲೇ ಸುಮ್ನೆ ಒಮ್ಮೆ ಹೋಗಿ ನೋಡಿಕೊಂಡು ಬನ್ನಿ. ಗೇಟ್ ಎಷ್ಟು ಹೊತ್ತಿಗೆ ತೆಗೆಯುತ್ತಾರೆ, ಪಾಸ್ ಬೇಕಾ, ದುಡ್ಡು ಎಷ್ಟು, ಯಾವ ದಿನ ಕ್ರೀಡಾಕೂಟ ಇದೆ, ಬ್ಯಾಗ್ ಎಲ್ಲಿ ಇಡಬಹುದು, ನೀರು ಸಿಗುತ್ತಾ, ಎಲ್ಲ ಅಲ್ಲೇ ವಿಚಾರಿಸಿ. ಐದಕ್ಕೆ ಎದ್ದು ಬಂದು, ಕೂಟ ಇದೆ ಅಂತ ಮುಚ್ಚಿದ ಗೇಟಿನ ಮುಂದೆ ನಿಲ್ಲುವ ಸಂಕಟ ಯಾರಿಗೂ ಬೇಡ.

ಟ್ರ್ಯಾಕ್ ಸಿಗದಿದ್ದರೂ ಇಂಟರ್ವಲ್ ನಿಲ್ಲಬೇಕಿಲ್ಲ. ಶಾಲೆ, ಕಾಲೇಜಿನ ಮಣ್ಣಿನ ಮೈದಾನ ಆಗುತ್ತದೆ. ಅಲ್ಲಿ ಸುತ್ತು 400 ಮೀಟರ್ ಇರಲೇಬೇಕು ಅಂತಿಲ್ಲ, ದೂರದ ಬದಲು ಹೊತ್ತು ಹಿಡಿಯಿರಿ: ನಾಲ್ಕು ನಿಮಿಷ ಜೋರು, ಮೂರು ನಿಮಿಷ ಜಾಗ್. ಮುಂಜಾನೆ ವಾಹನ ಬಿಡದ ಹೊತ್ತಿನಲ್ಲಿ ಕಬ್ಬನ್ ಪಾರ್ಕ್‌ನ ಒಳರಸ್ತೆಗಳೂ ಆಗಬಹುದು, ಆದರೆ ವಾಕಿಂಗ್‌ಗೆ ಬರುವ ಹಿರಿಯರು, ನಾಯಿಗಳು, ಸಣ್ಣ ಮಕ್ಕಳು ಇರುತ್ತಾರೆ. ಅವರ ನಡುವೆ ನುಗ್ಗುವುದು ಸರಿಯಲ್ಲ. ಟ್ರಾಫಿಕ್ ಇರುವ ರಸ್ತೆಯಲ್ಲಿ ಮಾತ್ರ ಇಂಟರ್ವಲ್ ಬೇಡ. ಏದುಸಿರು ಬಿಡುವಾಗ ಹಾರ್ನ್ ಕೇಳಿಸಿದರೂ ತಲೆಗೆ ಹೋಗುವುದಿಲ್ಲ.

ಹೊಸಬರು ತಪ್ಪುವ ಒಂದು ವಿಷಯ ಇಲ್ಲಿದೆ. 400 ಮೀಟರ್ ಇರುವುದು ತೀರಾ ಒಳಗಿನ, ಒಂದನೇ ಲೇನ್‌ನಲ್ಲಿ ಮಾತ್ರ. ಹೊರಗಿನ ಲೇನ್‌ಗೆ ಹೋದ ಹಾಗೆಲ್ಲ ಏಳೆಂಟು ಮೀಟರ್ ಜಾಸ್ತಿಯಾಗುತ್ತದೆ, ಎರಡನೇ ಲೇನ್ 407, ನಾಲ್ಕನೆಯದು 423, ಎಂಟನೆಯದು 453 ಮೀಟರ್ ಹತ್ತಿರ. ನಾಲ್ಕನೇ ಲೇನ್‌ನಲ್ಲಿ ಎರಡು ಸುತ್ತು ಓಡಿ "ಇವತ್ತು ಯಾಕೋ ಆಗ್ತಿಲ್ಲ" ಅಂತ ಬೇಸರ ಮಾಡಿಕೊಂಡವರನ್ನು ನೋಡಿದ್ದೇನೆ. ಅವರು ಓಡಿದ್ದು 846 ಮೀಟರ್, ಸೋತದ್ದಲ್ಲ. ಜಿಪಿಎಸ್ ವಾಚ್ ಕೂಡ ತಿರುವುಗಳಲ್ಲಿ ತಪ್ಪು ದೂರ ತೋರಿಸುತ್ತದೆ. ವಾಚನ್ನು ಗಡಿಯಾರವಾಗಿ ಬಳಸಿ, ದೂರಕ್ಕೆ ಟ್ರ್ಯಾಕ್‌ನ ಗೆರೆಯನ್ನೇ ನಂಬಿ.

ಹಂತ 5: ಹಿಂದಿನ ರಾತ್ರಿ

ಊಟ ಆದ ತಕ್ಷಣ ಬ್ಯಾಗ್ ತುಂಬಿ, ಮಲಗುವ ಮುಂಚೆ ಅಂತ ಬಿಡಬೇಡಿ. ಮೆಟ್ಟಿಲ ಹತ್ತಿರ, ಚಪ್ಪಲಿ ಸ್ಟ್ಯಾಂಡ್ ಪಕ್ಕ ಶೂ, ಶೂ ಒಳಗೆ ಸಾಕ್ಸ್, ಅದರ ಮೇಲೆ ಮನೆ ಕೀ. ಕೀ ಎತ್ತಿಕೊಳ್ಳದೆ ಹೊರಗೆ ಹೋಗುವ ಹಾಗಿಲ್ಲ, ಹಾಗಾಗಿ ಸಾಕ್ಸ್ ಮರೆಯುವುದಿಲ್ಲ. ಓಡುವ ಬಟ್ಟೆ ಹಾಸಿಗೆ ಪಕ್ಕದ ಕುರ್ಚಿ ಮೇಲೆ. ಕತ್ತಲಲ್ಲಿ ಬೀರು ತೆಗೆದು ಮನೆಯವರ ನಿದ್ದೆ ಕೆಡಿಸಿದರೆ ಮುಂದಿನ ವಾರ ನಿಮಗೆ ಬೆಂಬಲ ಸಿಗುವುದು ಕಷ್ಟ.

ಓಡಿ ನೇರ ಆಫೀಸ್‌ಗೆ ಹೋಗುವವರ ಬ್ಯಾಗ್ ಬೇರೆ. ತೆಳ್ಳಗಿನ ಟವೆಲ್, ಸೋಪು, ಚಪ್ಪಲಿ, ಒಳಬಟ್ಟೆ, ಸುತ್ತಿ ಇಟ್ಟ ಶರ್ಟ್ ಪ್ಯಾಂಟ್, ಬೆಲ್ಟ್, ಬೆವರಿನ ಬಟ್ಟೆಗೆ ಎರಡು ಪ್ಲಾಸ್ಟಿಕ್ ಕವರ್. ಎರಡು ಯಾಕೆ ಅಂದರೆ ಒಂದು ಹರಿದರೆ ಲ್ಯಾಪ್‌ಟಾಪ್‌ಗೆ ಬೆವರಿನ ನೀರು ಇಳಿಯುತ್ತದೆ. ಜನ ಹೆಚ್ಚಾಗಿ ಮರೆಯುವುದು ಒಳಬಟ್ಟೆ ಮತ್ತು ಆಫೀಸ್ ಶೂ. ಒಂದು ಜೊತೆ ಶೂ ಆಫೀಸ್ ಡ್ರಾಯರ್‌ನಲ್ಲೇ ಇಟ್ಟುಬಿಡಿ. ಸ್ನಾನಕ್ಕೆ ಅನುಕೂಲ ಇಲ್ಲದಿದ್ದರೆ ಬೆವರು ಪೂರ್ತಿ ನಿಲ್ಲುವವರೆಗೆ, ಅಂದರೆ ಹದಿನೈದು ನಿಮಿಷ, ನೆರಳಲ್ಲಿ ನಡೆದಾಡಿ, ಆಮೇಲೆ ಒದ್ದೆ ಟವೆಲ್‌ನಿಂದ ಒರೆಸಿಕೊಂಡು ಬಟ್ಟೆ ಹಾಕಿಕೊಳ್ಳಿ. ಬೆವರು ನಿಲ್ಲುವ ಮುಂಚೆ ಒಗೆದ ಶರ್ಟ್ ಹಾಕಿದರೆ ಅದೂ ಒದ್ದೆ.

ಚೀಟಿಯೊಂದರಲ್ಲಿ ವರ್ಕೌಟ್ ಬರೆದಿಡಿ: ಎಷ್ಟು ರೆಪ್, ಲ್ಯಾಪ್ ಸಮಯ, 200 ಮೀಟರ್ ಸಮಯ. ಮೂರನೇ ರೆಪ್ ಹೊತ್ತಿಗೆ ತಲೆಯಲ್ಲಿ ಯಾವ ಲೆಕ್ಕವೂ ನಿಲ್ಲುವುದಿಲ್ಲ.

ಹಂತ 6: ಹೊಟ್ಟೆ

ಬೆಳಿಗ್ಗೆ ಓಡುವುದಾದರೆ ಎದ್ದ ತಕ್ಷಣ ಒಂದು ಲೋಟ ನೀರು, ಒಂದೋ ಎರಡೋ ಏಲಕ್ಕಿ ಬಾಳೆಹಣ್ಣು, ಬೇಕಾದರೆ ಅರ್ಧ ಲೋಟ ಕಾಫಿ. ಹಾಲು ಹೊಟ್ಟೆ ಕೆಡಿಸುವವರು ಕಪ್ಪು ಕಾಫಿ ಕುಡಿಯಿರಿ. ಖಾಲಿ ಹೊಟ್ಟೆಯಲ್ಲಿ ನಿಧಾನದ ಓಟ ನಡೆಯುತ್ತದೆ, ಇಂಟರ್ವಲ್‌ಗೆ ನಾನು ಹೇಳುವುದಿಲ್ಲ. ಹಿಂದಿನ ರಾತ್ರಿ ಅನ್ನವೋ ಮುದ್ದೆಯೋ ಚಪಾತಿಯೋ, ನಿಮಗೆ ಒಗ್ಗಿದ್ದನ್ನು ಹೊಟ್ಟೆ ತುಂಬ ತಿನ್ನಿ, ಎಂಟೂವರೆ ಒಳಗೆ.

ಸಂಜೆಯವರಿಗೆ ನಿಜವಾದ ಅಪಾಯ ನಾಲ್ಕೂವರೆಯ ಬೋಂಡಾ ಬಜ್ಜಿ. ಎಣ್ಣೆ ತಿಂಡಿ ಹೊಟ್ಟೆಯಲ್ಲೇ ಕೂರುತ್ತದೆ, ಎರಡನೇ ರೆಪ್‌ಗೆ ಮೇಲೆ ಬರುತ್ತದೆ. ಮಧ್ಯಾಹ್ನ ಒಂದಕ್ಕೆ ಸರಿಯಾಗಿ ಊಟ ಮಾಡಿ, ನಾಲ್ಕೂವರೆಗೆ ಬಾಳೆಹಣ್ಣು ಅಥವಾ ಎರಡು ತುಂಡು ಬ್ರೆಡ್ ಜ್ಯಾಮ್ ಸಾಕು. ಆ ಹೊತ್ತಿನ ಕಾಫಿ ರಾತ್ರಿ ನಿದ್ದೆ ತಿನ್ನುತ್ತದೆ, ಅದರ ಅರ್ಧ ಭಾಗ ಮೈಯಿಂದ ಇಳಿಯಲು ಐದಾರು ಗಂಟೆ ಬೇಕು. ಎಸಿಯಲ್ಲಿ ಕೂತವರಿಗೆ ಬಾಯಾರಿಕೆ ಗೊತ್ತೇ ಆಗುವುದಿಲ್ಲ, ನೀರಿನ ಬಾಟಲ್ ಮೇಜಿನ ಮೇಲೆ ಕಣ್ಣಿಗೆ ಕಾಣುವ ಹಾಗಿರಲಿ.

ಹಂತ 7: ಟ್ರ್ಯಾಕ್ ಮೇಲೆ

ಮೊದಲು ಎರಡು ಕಿಲೋಮೀಟರ್ ಜಾಗ್, ಪಕ್ಕದವರ ಜೊತೆ ಆರಾಮಾಗಿ ಮಾತಾಡುವಷ್ಟು ನಿಧಾನ. ಆಮೇಲೆ ಡ್ರಿಲ್ಸ್, ಅಂದರೆ ಮೈ ಸಡಿಲಿಸುವ ಸಣ್ಣ ಚಲನೆಗಳು: ಕಂಬ ಹಿಡಿದು ಕಾಲನ್ನು ಹಿಂದೆ ಮುಂದೆ ಬೀಸುವುದು, ಮಂಡಿ ಎತ್ತಿ ಓಡುವುದು, ಹಿಮ್ಮಡಿ ಹಿಂದೆ ತಾಗುವ ಹಾಗೆ ಓಡುವುದು. ನಿಂತಲ್ಲೇ ಬಗ್ಗಿ ಅರ್ಧ ನಿಮಿಷ ಎಳೆದು ಹಿಡಿಯುವ ಸ್ಟ್ರೆಚ್ ಈಗ ಬೇಡ, ಅದು ಕೊನೆಗೆ. ಕೊನೆಯಲ್ಲಿ ನಾಲ್ಕು ಸ್ಟ್ರೈಡ್ಸ್. ಸ್ಟ್ರೈಡ್ಸ್ ಅಂದರೆ 80 ಮೀಟರ್‌ನಷ್ಟು ದೂರ ಮೆಲ್ಲಗೆ ವೇಗ ಏರಿಸಿ, ಮತ್ತೆ ಮೆಲ್ಲಗೆ ಇಳಿಸುವುದು. ಇಡೀ ದಿನ ಕುರ್ಚಿಯಲ್ಲಿ ಕೂತು ಸಂಜೆ ಬಂದವರಿಗೆ ಸೊಂಟದ ಮುಂಭಾಗ ಬಿಗಿದಿರುತ್ತದೆ, ಅವರು ಕಾಲು ಬೀಸುವುದನ್ನು ಇನ್ನೈದು ನಿಮಿಷ ಜಾಸ್ತಿ ಮಾಡಲಿ.

ಟ್ರ್ಯಾಕ್‌ನಲ್ಲಿ ಒಂದು ನಡವಳಿಕೆ ಇದೆ. ಓಡುವುದು ಎಡಕ್ಕೆ ತಿರುಗುವ ದಿಕ್ಕಿನಲ್ಲಿ. ಒಳಗಿನ ಲೇನ್ ಜೋರಾಗಿ ಓಡುತ್ತಿರುವವರಿಗೆ, ನಿಮ್ಮ ರಿಕವರಿ ಜಾಗ್ ಹೊರಗಿನ ಲೇನ್‌ನಲ್ಲಿ. ರೆಪ್ ಮುಗಿದ ತಕ್ಷಣ ಗೆರೆಯ ಮೇಲೇ ಬಗ್ಗಿ ನಿಲ್ಲಬೇಡಿ, ಹಿಂದೆ ಬರುವವರು ಡಿಕ್ಕಿ ಹೊಡೆಯುತ್ತಾರೆ. ಕಿವಿಗೆ ಇಯರ್‌ಫೋನ್ ಬೇಡ. ಅಲ್ಲಿ ಅಭ್ಯಾಸ ಮಾಡುವ ಮಕ್ಕಳಿಗೆ, ಅವರ ಕೋಚ್‌ಗೆ ಮೊದಲ ಹಕ್ಕು. ಅದು ಅವರ ಬದುಕು, ನಮಗೆ ವಾರಕ್ಕೊಂದು ದಿನ.

ಈಗ ರೆಪ್. ಮೊದಲನೆಯದು ಸುಲಭ ಅನಿಸುತ್ತದೆ. ಮೋಸ ಹೋಗುವುದು ಅಲ್ಲೇ. ನಿಮ್ಮ ಲ್ಯಾಪ್ 120 ಸೆಕೆಂಡ್ ಆದರೆ 200 ಮೀಟರ್ ಗೆರೆ ದಾಟುವಾಗ ವಾಚ್ 60 ತೋರಿಸಬೇಕು. 54 ತೋರಿಸಿದರೆ ಖುಷಿ ಪಡಬೇಡಿ, ಆಗಲೇ ವೇಗ ಇಳಿಸಿ. ಆ ಆರು ಸೆಕೆಂಡಿನ ಸಾಲವನ್ನು ನಾಲ್ಕನೇ ರೆಪ್ ಬಡ್ಡಿ ಸಮೇತ ವಸೂಲಿ ಮಾಡುತ್ತದೆ. ಎರಡನೆಯದರಲ್ಲಿ ಹದ ಸಿಗುತ್ತದೆ. ಮೂರನೆಯದರ ಎರಡನೇ ಸುತ್ತು, ದೂರದ ತಿರುವು, ಅಲ್ಲಿ ಬಾಯಿ ಒಣಗಿ, ಭುಜ ಕಿವಿಯತ್ತ ಏರಿರುತ್ತದೆ, ಮುಷ್ಟಿ ಬಿಗಿದಿರುತ್ತದೆ. ಆಗ ಕಾಲಿನ ಬಗ್ಗೆ ಯೋಚಿಸಬೇಡಿ. ಭುಜ ಕೆಳಗೆ ಬಿಡಿ, ಬೆರಳು ಸಡಿಲ ಮಾಡಿ, ಉಸಿರನ್ನು ಪೂರ್ತಿ ಹೊರಗೆ ಬಿಡಿ. ಐವತ್ತು ಮೀಟರ್‌ನಲ್ಲಿ ಲಯ ವಾಪಸ್ ಬರುತ್ತದೆ. ಮೂರು ನಾಲ್ಕು ಪದಕ್ಕಿಂತ ಜಾಸ್ತಿ ಮಾತಾಡಲು ಆಗಬಾರದು, ಆದರೆ ಮುಗಿದ ಮೇಲೆ ಕುಸಿದು ಬೀಳುವ ಹಾಗೂ ಇರಬಾರದು. ಐದನೆಯದು ಮುಗಿದಾಗ "ಬೇಕಾದ್ರೆ ಇನ್ನೊಂದು ಓಡ್ಬಹುದಿತ್ತು" ಅನಿಸಬೇಕು. ಆ ಇನ್ನೊಂದನ್ನು ಓಡಬೇಡಿ.

ರಿಕವರಿಯಲ್ಲಿ ನಿಲ್ಲಬೇಡಿ. ಮೊದಲ ಮೂವತ್ತು ಸೆಕೆಂಡ್ ನಡೆಯಿರಿ, ಆಮೇಲೆ ಜಾಗ್. ಈ ಹೊತ್ತಿನಲ್ಲಿ ಆಫೀಸ್ ಮೆಸೇಜ್ ನೋಡುವವರಿದ್ದಾರೆ, ದಯವಿಟ್ಟು ಬೇಡ. ಒಂದು ಮೆಸೇಜ್ ನೋಡಿದರೆ ಮೂರು ನಿಮಿಷ ಆರಾಗುತ್ತದೆ, ಮೈ ತಣ್ಣಗಾಗುತ್ತದೆ, ಮನಸ್ಸು ಆಗಲೇ ಆಫೀಸ್ ತಲುಪಿರುತ್ತದೆ. ಫೋನ್ ಬ್ಯಾಗ್‌ನಲ್ಲಿರಲಿ.

ಯಾವಾಗ ನಿಲ್ಲಿಸಬೇಕು? ಸತತ ಎರಡು ರೆಪ್ ಎಂಟು ಸೆಕೆಂಡ್‌ಗಿಂತ ಹೆಚ್ಚು ತಡವಾದರೆ ಅಂದಿಗೆ ಅಷ್ಟೇ. ಯಾವುದೇ ಕಡೆ ಚುಚ್ಚಿದಂಥ ನೋವು ಬಂದರೆ ತಕ್ಷಣ ನಿಲ್ಲಿಸಿ. ಎದೆ ನೋವು, ಎದೆ ಬಿಗಿತ, ತಲೆ ಸುತ್ತು, ಕಣ್ಣು ಕತ್ತಲೆ ಬಂದರೆ ನಿಲ್ಲಿಸಿ, ಪಕ್ಕದವರಿಗೆ ಹೇಳಿ, ಆಸ್ಪತ್ರೆಗೆ ಹೋಗಿ. ಜ್ವರ, ಕೆಮ್ಮು ಇದ್ದ ವಾರ ಟ್ರ್ಯಾಕ್ ಕಡೆ ತಲೆ ಹಾಕಬೇಡಿ.

ಹಂತ 8: ಮುಗಿದ ಮೇಲೆ ಕುರ್ಚಿಗೆ

ಹತ್ತು ನಿಮಿಷ ಕೂಲ್‌ಡೌನ್ ಜಾಗ್, ಎರಡು ನಿಮಿಷ ನಡಿಗೆ, ಆಮೇಲೆ ಬೇಕಾದರೆ ಸ್ಟ್ರೆಚ್. ಒಂದು ಗಂಟೆಯೊಳಗೆ ತಿಂಡಿ. ಇಡ್ಲಿ ಸಾಂಬಾರ್ ಜೊತೆ ಎರಡು ಮೊಟ್ಟೆ, ಅಥವಾ ಉಪ್ಪಿಟ್ಟು ಜೊತೆ ಮೊಸರು, ಹೆಸರುಕಾಳು, ಮನೆಯಲ್ಲಿ ಏನಿದೆಯೋ ಅದು. ದರ್ಶಿನಿಯಲ್ಲಿ ನಿಂತು ತಿಂದರೂ ಸರಿ, ತಿಂಡಿ ಬಿಟ್ಟು ನೇರ ಸ್ಟ್ಯಾಂಡಪ್ ಮೀಟಿಂಗ್‌ಗೆ ಓಡಬೇಡಿ. ಹಾಗೆ ಮಾಡಿದವರಿಗೆ ಹನ್ನೊಂದಕ್ಕೆ ತಲೆನೋವು, ಮೂರಕ್ಕೆ ತೂಕಡಿಕೆ. ಸಂಜೆ ಓಡಿದವರಿಗೆ ಮೊಸರನ್ನ ಒಳ್ಳೆಯ ಊಟ, ಜೊತೆಗೆ ಬೇಳೆಯೋ ಮೊಟ್ಟೆಯೋ ಇರಲಿ.

ಆಫೀಸ್‌ನಲ್ಲಿ ಒಂದೇ ಸಮನೆ ಮೂರು ಗಂಟೆ ಕೂತರೆ ಮೀನಖಂಡ ಮರದ ಹಾಗಾಗುತ್ತದೆ. ನಲವತ್ತೈದು ನಿಮಿಷಕ್ಕೊಮ್ಮೆ ಎದ್ದು ನೀರು ತುಂಬಿಸಿಕೊಂಡು ಬನ್ನಿ. ಮೆಟ್ಟಿಲ ಅಂಚಿನಲ್ಲಿ ಹಿಮ್ಮಡಿ ಇಳಿಸಿ ಹತ್ತು ಸಲ ಏರಿ ಇಳಿಯಿರಿ. ಆ ದಿನ ಸಂಜೆ ಮತ್ತೆ ಜಿಮ್‌ನಲ್ಲಿ ಕಾಲಿನ ಭಾರ ಎತ್ತುವ ಅಭ್ಯಾಸ ಇರುವವರು ಎತ್ತಲಿ, ಮಾರನೇ ದಿನಕ್ಕೆ ತಳ್ಳುವುದಕ್ಕಿಂತ ಅದು ಮೇಲು. ಮಾರನೇ ದಿನ ಪೂರ್ತಿ ಬಿಡುವು, ಇಲ್ಲವೇ ತೀರಾ ನಿಧಾನದ ಅರ್ಧ ಗಂಟೆ.

ಹಂತ 9: ದಿನ ಕೈಕೊಟ್ಟಾಗ

ಕೊಡುತ್ತದೆ, ತಿಂಗಳಿಗೆ ಒಂದು ಸಲವಾದರೂ. ಅದಕ್ಕೇ ಅರ್ಧ ಗಂಟೆಯ ಒಂದು ಸಣ್ಣ ವರ್ಕೌಟ್ ಜೇಬಿನಲ್ಲಿರಲಿ: ಹತ್ತು ನಿಮಿಷ ಜಾಗ್, ಆಮೇಲೆ ಒಂದು ನಿಮಿಷ ಜೋರು ಒಂದು ನಿಮಿಷ ನಿಧಾನ ಎಂಟು ಸಲ, ಕೊನೆಗೆ ಐದು ನಿಮಿಷ ಜಾಗ್. ಒಟ್ಟು 31 ನಿಮಿಷ. ಇದಕ್ಕೆ ಟ್ರ್ಯಾಕ್ ಬೇಡ, ಮನೆ ಹತ್ತಿರದ ಪಾರ್ಕ್, ಕೆರೆ ದಂಡೆಯ ಖಾಲಿ ದಾರಿ, ಎಲ್ಲಾದರೂ ಆಗುತ್ತದೆ.

ಬುಧವಾರ ತಪ್ಪಿದರೆ ಗುರುವಾರ ಮಾಡಬಹುದು. ಗುರುವಾರವೂ ತಪ್ಪಿದರೆ ಆ ವಾರ ಬಿಟ್ಟುಬಿಡಿ. ಶನಿವಾರ ಇಂಟರ್ವಲ್, ಭಾನುವಾರ ಉದ್ದದ ಓಟ ಅಂತ ಒಟ್ಟಿಗೆ ತುರುಕಬೇಡಿ. ಮುಂದಿನ ವಾರ ಎರಡು ಮಾಡಿ ಸರಿದೂಗಿಸುತ್ತೇನೆ ಅನ್ನುವುದೂ ಬೇಡ.

ಶುರು ಮಾಡುವವರಿಗೆ ನಾಲ್ಕು ವಾರದ ಲೆಕ್ಕ ಹೀಗಿರಲಿ. ಮೊದಲ ವಾರ 800 ಮೀಟರ್ ಮೂರು ಸಲ, ಎರಡನೇ ವಾರ ನಾಲ್ಕು, ಮೂರನೇ ವಾರ ಐದು, ನಾಲ್ಕನೇ ವಾರ ಬರೀ 400 ಮೀಟರ್ ನಾಲ್ಕು ಸಲ, ಅದೇ ಪೇಸ್‌ನಲ್ಲಿ. ವಾರಕ್ಕೆ 30 ಕಿಲೋಮೀಟರ್ ಓಡುವವರು ಮೂರನೇ ವಾರವೂ ನಾಲ್ಕಕ್ಕೇ ನಿಲ್ಲಿಸಿ. ಪ್ರತಿ ಸಲ ಮನೆಗೆ ಬಂದು ಮೂರು ಸಾಲು ಬರೆದಿಡಿ: ಲ್ಯಾಪ್ ಸಮಯಗಳು, ಹಿಂದಿನ ರಾತ್ರಿ ಎಷ್ಟು ಗಂಟೆ ನಿದ್ದೆ, ಮಧ್ಯಾಹ್ನ ಮೂರಕ್ಕೆ ಕೆಲಸದಲ್ಲಿ ಹೇಗಿದ್ದಿರಿ. ನಾಲ್ಕನೇ ವಾರದ ಕೊನೆಗೆ ಆ ಹಾಳೆ ಮುಂದಿಟ್ಟುಕೊಂಡು ನೋಡಿ. ದಿನ ಬದಲಿಸಬೇಕಾ, ಹೊತ್ತು ಬದಲಿಸಬೇಕಾ ಅನ್ನುವುದು ಅದರಲ್ಲೇ ಕಾಣುತ್ತದೆ. ಐದನೇ ವಾರದ ಬುಧವಾರವನ್ನು ಅದನ್ನು ನೋಡಿಯೇ ಬ್ಲಾಕ್ ಮಾಡಿ.